ಬಕೆಟ್ಟಿಗೆ ಮೂರು ಏಟು

ಬೆಳಗ್ಗೆ ಆರಕ್ಕೆ ಕೆಲಸಕ್ಕೆ ಬರುವ ಬಕೆಟ್ಟಕ್ಕ ಮಧ್ಯಾಹ್ನ ಮೂರರವರೆಗೆ ಒಂದು ಹನಿ ನೀರು ಕುಡಿಯುವುದಿಲ್ಲ. ಉಪವಾಸವಲ್ಲ. ಬಾಯಾರಿಕೆ ಇಲ್ಲವೆಂದೂ ಅಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಹೋಗಲು ಜಾಗವಿಲ್ಲ.

ಕೇಳಿದವರಿಗೆ ನಗು ಬರಬೇಕು. ಆ ಗಾಜಿನ ಕಟ್ಟಡಕ್ಕೆ ಹನ್ನೊಂದು ಮಹಡಿ. ಮಹಡಿಗೆ ನಾಲ್ಕರಂತೆ ನಲವತ್ತನಾಲ್ಕು ಕಕ್ಕಸು. ಅಷ್ಟನ್ನೂ ದಿನಕ್ಕೆ ಮೂರು ಸಲ ತೊಳೆಯುವವರು ಬಕೆಟ್ಟಕ್ಕ, ಅವಳ ನಾದಿನಿ ಮತ್ತು ಇನ್ನೇಳು ಹೆಂಗಸರು. ತೊಳೆಯಬಹುದು, ಬಳಸುವ ಹಾಗಿಲ್ಲ. ಬಾಗಿಲ ಮೇಲೆ ‘ಸಿಬ್ಬಂದಿಗೆ ಮಾತ್ರ’ ಎಂದು ಹಿತ್ತಾಳೆಯ ಫಲಕವಿದೆ. ಆ ಫಲಕವನ್ನು ಉಜ್ಜಿ ಉಜ್ಜಿ ಹೊಳಪು ಬರಿಸುವವಳೂ ಅವಳೇ.

“ನಾವೂ ಇಲ್ಲೇ ದುಡೀತೀವಲ್ಲ ಸಾರ್, ನಾವು ಸಿಬ್ಬಂದಿ ಅಲ್ವಾ?” ಎಂದು ಒಮ್ಮೆ ಸೂಪರ್‌ವೈಸರನ್ನು ಕೇಳಿದ್ದಳು. ಸೊಂಟದಲ್ಲಿ ಅಷ್ಟೂ ಬಾಗಿಲುಗಳ ಕೀಲಿ ತೂಗುಹಾಕಿಕೊಂಡು ಝಣಝಣ ಎಂದು ತಿರುಗುವ ಆ ಮನುಷ್ಯನಿಗೆ ಹೆಂಗಸರು ಇಟ್ಟ ಹೆಸರು ಕೀಲಿಗೊಂಚಲು.

“ನೀವು ಸಿಬ್ಬಂದಿ ಅಲ್ಲ. ನೀವು ಕ್ಲೀನಿಂಗು,” ಎಂದಿದ್ದ ಕೀಲಿಗೊಂಚಲು. ಕೆಲಸದ ಹೆಸರಿಟ್ಟು ಕರೆದುಬಿಟ್ಟರೆ ಮನುಷ್ಯರಿಗೆ ಹೊಟ್ಟೆ, ಮೂತ್ರಕೋಶ ಇತ್ಯಾದಿ ಇರುವುದಿಲ್ಲ ಎಂದು ಅವನ ತಿಳಿವಳಿಕೆ.

ಕ್ಲೀನಿಂಗಿಗೆ ಬೇರೆ ವ್ಯವಸ್ಥೆ ಇತ್ತು. ಕಟ್ಟಡದ ಹಿಂದೆ, ಜನರೇಟರಿನ ಪಕ್ಕ, ಒಂದು ತಗಡಿನ ಗೂಡು. ಚಿಲಕವಿಲ್ಲ. ನಲ್ಲಿಯಿಲ್ಲ. ಒಂದು ಕಡೆ ತಗಡು ಹರಿದು, ಕಾರು ನಿಲ್ಲಿಸಲು ಬಂದವರಿಗೆ ಒಳಗೆ ಕೂತವಳ ತಲೆ ಕಾಣುತ್ತದೆ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಬಕೆಟ್ಟಿನವರು ಲಿಫ್ಟು ಹತ್ತುವ ಹಾಗಿಲ್ಲವಾದ್ದರಿಂದ ಏಳನೇ ಮಹಡಿಯಿಂದ ಮೆಟ್ಟಿಲಿಳಿದು, ಮತ್ತೆ ಹತ್ತಿ ಬರಲು ಇಪ್ಪತ್ತು ನಿಮಿಷ. ಬಂದ ಮೇಲೆ ಕೀಲಿಗೊಂಚಲು ಎಲ್ಲರೆದುರು ನಿಲ್ಲಿಸಿ ಕೇಳುತ್ತಾನೆ: “ಎಷ್ಟು ಹೊತ್ತು ಹೋಗ್ತೀರೇ, ಎಮ್ಮೆಗಳ ಹಾಗೆ?” ಪಕ್ಕದಲ್ಲಿ ಟೈ ಕಟ್ಟಿದ ಗಂಡಸರು ಲಿಫ್ಟಿಗೆ ಕಾಯುತ್ತ ನಿಂತಿರುತ್ತಾರೆ. ಕೆಲವರು ನಗುತ್ತಾರೆ. ಕೆಲವರು ಕೇಳಿಸಲಿಲ್ಲವೆಂಬಂತೆ ಫೋನು ನೋಡುತ್ತಾರೆ. ಅದಕ್ಕಿಂತ ಗಂಟಲು ಒಣಗಿಸಿಕೊಂಡು ಇರುವುದೇ ಮೇಲು ಎಂದು ಒಂಬತ್ತು ಹೆಂಗಸರೂ ನೀರು ಬಿಟ್ಟರು.

ಹೋದ ಬೇಸಿಗೆಯಲ್ಲಿ ನಾದಿನಿ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕುಸಿದಳು. ಚಳಿಜ್ವರ, ಸೊಂಟ ಕಿತ್ತುಬರುವ ನೋವು, ಉರಿಮೂತ್ರ, ಕೊನೆಗೆ ರಕ್ತ. ಆಸ್ಪತ್ರೆಯಲ್ಲಿ ಒಂಬತ್ತು ದಿನ. “ತಡ್ಕೊಂಡು ತಡ್ಕೊಂಡು ಹೀಗಾಗಿದೆಯಮ್ಮಾ. ಚೆನ್ನಾಗಿ ನೀರು ಕುಡೀರಿ,” ಎಂದರು ಡಾಕ್ಟರು. ನಾದಿನಿ ಅತ್ತಳು. ನೋವಿಗಲ್ಲ, ಸಿಟ್ಟಿಗೆ. ಅವಳು ಹತ್ತನೇ ಕ್ಲಾಸು ಓದಿದವಳು. ಹಾಸಿಗೆ ಬಿಟ್ಟು ಎದ್ದ ದಿನವೇ ಕಾರ್ಮಿಕ ಕಚೇರಿಗೆ ಅರ್ಜಿ ಬರೆದಳು. ‘ನಾವು ತೊಳೆಯುವ ಕಕ್ಕಸನ್ನು ನಾವೂ ಬಳಸಬೇಕು.’ ಇಷ್ಟೇ ಬೇಡಿಕೆ. ಒಂಬತ್ತು ಜನ ಸಹಿ ಹಾಕಿದರು. ಮುಂದಿನ ತಿಂಗಳು ಇಪ್ಪತ್ತನೇ ತಾರೀಕು ಅಧಿಕಾರಿ ತಪಾಸಣೆಗೆ ಬರುತ್ತಾರೆಂದು ಉತ್ತರವೂ ಬಂತು. ಆ ಕಾಗದವನ್ನು ಬಕೆಟ್ಟಕ್ಕ ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರವಿಕೆಯೊಳಗೆ ಇಟ್ಟುಕೊಂಡು ತಿರುಗಿದಳು.

ಇನ್ನು ಬಕೆಟ್ಟಿನ ವಿಷಯಕ್ಕೆ ಬರೋಣ. ಇಡೀ ಕಥೆ ನಿಂತಿರುವುದೇ ಆ ತಗಡಿನ ಬಕೆಟ್ಟಿನ ಮೇಲೆ.

ಕಕ್ಕಸು ತೊಳೆಯಲು ಹೋದವಳು ಬಾಗಿಲ ಹೊರಗೆ ನಿಂತು ಮಗ್ಗಿನಿಂದ ಬಕೆಟ್ಟಿಗೆ ಎರಡು ಏಟು ಹಾಕಬೇಕು. ಟಕ್ ಟಕ್. ಒಳಗೆ ಯಾರಾದರೂ ಇದ್ದೀರಾ ಎಂದು ಅದರ ಅರ್ಥ. ಇದ್ದವರು “ಜನ ಇದ್ದಾರೆ” ಎನ್ನುತ್ತಾರೆ. ಆಮೇಲೆ ಅವರು ಫೋನಿನಲ್ಲಿ ಮಾತು ಮುಗಿಸಿ, ಕನ್ನಡಿಯೆದುರು ಕೂದಲು ಸರಿಮಾಡಿಕೊಂಡು ಹೊರಬರುವವರೆಗೆ ಇವಳು ಗೋಡೆಗಂಟಿ ನಿಂತಿರಬೇಕು. ಇದು ಕಟ್ಟಡದವರು ಮಾಡಿದ ನಿಯಮ.

ಮೂರು ಏಟು ಹೆಂಗಸರು ಮಾಡಿಕೊಂಡ ನಿಯಮ. ಒಮ್ಮೆ ಕಟ್ಟಡದ ಮಾಲೀಕರು ಸುತ್ತು ಹಾಕಲು ಬಂದಾಗ ಕೀಲಿಗೊಂಚಲು ಅವರೆದುರು ನಾದಿನಿಯನ್ನು ನಿಲ್ಲಿಸಿ, “ಏನಾದ್ರೂ ತೊಂದರೆ ಇದೆಯೇನಮ್ಮಾ?” ಎಂದು ಬೆಣ್ಣೆಯಂಥ ದನಿಯಲ್ಲಿ ಕೇಳಿದ್ದ. ಕಣ್ಣಿನಲ್ಲಿ ಮಾತ್ರ ಬೇರೆಯೇ ಮಾತಿತ್ತು. ನಾದಿನಿ ಬಕೆಟ್ಟಿಗೆ ಮೂರು ಸಲ ಬಡಿದು, “ಏನೂ ಇಲ್ಲ ಸಾರ್, ಇಲ್ಲಿ ಸ್ವರ್ಗ ಕಂಡಿದೀವಿ” ಎಂದಳು. ಮೇಲಿನ ಮಹಡಿಯ ಮೆಟ್ಟಿಲಲ್ಲಿ ನಿಂತಿದ್ದವರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ಅಂದಿನಿಂದ ಮೂರು ಏಟು ಎಂದರೆ, ಯಜಮಾನ ಪಕ್ಕದಲ್ಲೇ ನಿಂತಿದ್ದಾನೆ, ಈಗ ಹೇಳುವುದೆಲ್ಲ ಶುದ್ಧ ಸುಳ್ಳು, ಒಂದು ಅಕ್ಷರವನ್ನೂ ನಂಬಬೇಡಿ ಎಂದು ಅರ್ಥವಾಯಿತು.

ಈ ನಿಯಮ ಕಟ್ಟಡ ಬಿಟ್ಟು ಊರಿಗೆ ಹಬ್ಬಿದ್ದು ಫೋನಿನಿಂದ. ಅವರ ಬೀದಿಯ ಹೆಂಗಸರ ಒಂದು ಗುಂಪಿತ್ತು, ಅದರ ಹೆಸರು ‘ನೀರು ಬಂತು’. ನಲ್ಲಿಯಲ್ಲಿ ನೀರು ಬಂದ ಸುದ್ದಿ ತಿಳಿಸಲು ಮಾಡಿಕೊಂಡದ್ದು. ಒದ್ದೆ ಕೈಯಲ್ಲಿ ಅಕ್ಷರ ಒತ್ತಲು ಆಗುವುದಿಲ್ಲವಲ್ಲ, ಎಲ್ಲರೂ ಧ್ವನಿ ಕಳಿಸುತ್ತಿದ್ದರು. ಬಕೆಟ್ಟಕ್ಕ ಬಕೆಟ್ಟಿಗೆ ಎರಡು ಏಟು ಹಾಕಿ ಶುರುಮಾಡಿದಳೆಂದರೆ ಕೇಳುವವರ ಹೊಟ್ಟೆ ಹುಣ್ಣಾಗಬೇಕು. ದಿನವಿಡೀ ನೆಲ ಒರೆಸುವವಳಿಗೆ ಜನರ ಮುಖ ಗೊತ್ತಿಲ್ಲ, ಕಾಲು ಗೊತ್ತು. ಯಾವ ಬೂಟು ಯಾವ ಚಪ್ಪಲಿಯ ಹಿಂದೆ ಸುತ್ತುತ್ತಿದೆ, ಯಾವ ಹಿಮ್ಮಡಿ ಯಾವ ಸಾಹೇಬನನ್ನು ಕಂಡರೆ ನಡುಗುತ್ತದೆ, ಎಲ್ಲ ಹೇಳುವಳು. ಕೊನೆಯಲ್ಲಿ ತಪ್ಪದೆ ಒಂದು ಮಾತು: “ಕಾಲೆತ್ತಿ ಸಾರ್!” ಕೆಲವೊಮ್ಮೆ ಮೂರು ಏಟು ಹಾಕಿ ಕೀಲಿಗೊಂಚಲನ್ನು ಹಾಡಿ ಹೊಗಳುವಳು. ಅವನ್ನು ಕೇಳಿ ಜನ ಇನ್ನೂ ಹೆಚ್ಚು ನಕ್ಕರು, ಇನ್ನೂ ಹೆಚ್ಚು ಜನಕ್ಕೆ ಕಳಿಸಿದರು. ಕಾವಲುಗಾರರು, ಡ್ರೈವರುಗಳು, ಅಡುಗೆಯವರು, ಆಸ್ಪತ್ರೆಯ ಆಯಾಗಳು, ಎಲ್ಲರ ಫೋನಿಗೂ ಹೋಯಿತು. ಯಾರಾದರೂ ದೊಡ್ಡವರು ಏನಾದರೂ ಬಡಾಯಿ ಕೊಚ್ಚಿದರೆ ಅದರ ಕೆಳಗೆ ‘ಟಕ್ ಟಕ್ ಟಕ್’ ಎಂದು ಬರೆಯುವುದು ಊರಿನ ಚಾಳಿಯೇ ಆಯಿತು.

ಇತ್ತ ಏಳನೇ ಮಹಡಿಯಲ್ಲಿ ಒಂದು ಜಾಹೀರಾತು ಕಂಪನಿ. ಹೊರಗಿನ ವಸ್ತುಗಳನ್ನು ಈ ಊರಿನ ಜನರ ಫೋನಿನೊಳಗೆ ಇಳಿಸುವುದು ಅವರ ಕಸುಬು. ಆಗ ಅವರ ಕೈಯಲ್ಲಿದ್ದದ್ದು ಕಕ್ಕಸು ತೊಳೆಯುವ ಲಿಕ್ವಿಡ್ಡು, ನೀಲಿ ಡಬ್ಬಿಯದು. ಯಾವುದೋ ದೂರದ ದೇಶದವರು ತಯಾರಿಸಿದ್ದು. ಜಾಹೀರಾತಿನ ಸಿನಿಮಾವನ್ನೂ ಅವರೇ ಕಳಿಸಿದ್ದರು. ಬಿಳಿ ಗೌನಿನ ಹೆಣ್ಣೊಬ್ಬಳು ಬಕೆಟ್ಟಕ್ಕನ ಮನೆಗಿಂತ ಮೂರು ಪಟ್ಟು ದೊಡ್ಡದಾದ ಕಕ್ಕಸಿನಲ್ಲಿ ಸುತ್ತಿ ಸುತ್ತಿ ಕುಣಿಯುತ್ತಾಳೆ. ಊರಿನವರು ಅತ್ತ ತಿರುಗಿಯೂ ನೋಡಲಿಲ್ಲ. ‘ಇನ್ನೊಂದು ತಿಂಗಳೊಳಗೆ ಅಲ್ಲಿನವರ ರೀತಿಗೆ ಒಗ್ಗಿಸಿ, ಆಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ’ ಎಂದು ಪತ್ರ ಬಂದಿತ್ತು. ಕಂಪನಿಯ ದೊಡ್ಡ ಸಾಹೇಬನಿಗೆ ನಿದ್ದೆ ಹಾರಿಹೋಗಿತ್ತು.

ಅವತ್ತು ಬೆಳಗ್ಗೆ ಹತ್ತಕ್ಕೆ ಉದ್ದನೆಯ ಮೇಜಿನ ಸುತ್ತ ಎಂಟು ಜನ ಕೂತಿದ್ದರು. ಬಕೆಟ್ಟಕ್ಕ ಮೇಜಿನ ಕೆಳಗೆ ಮೊಣಕಾಲೂರಿ, ಯಾರೋ ಚೆಲ್ಲಿದ ಕಾಫಿ ಒರೆಸುತ್ತಿದ್ದಳು.

“ಸಾರ್, ಇಲ್ಲಿನ ಜನ ಸಿನಿಮಾ ಹಂಚಲ್ಲ. ಇದನ್ನ ಹಂಚ್ತಾರೆ. ಇವತ್ತು ಬೆಳಗ್ಗೆ ಬಂದದ್ದು,” ಎಂದಳು ಮೂಲೆಯಲ್ಲಿದ್ದ ಕನ್ನಡಕದ ಹುಡುಗಿ. ಜಾಹೀರಾತಿನ ಮಾತು ಬರೆಯುವುದು ಅವಳ ಕೆಲಸ. ಅವಳು ಫೋನನ್ನು ಮೇಜಿನ ಮೇಲಿಟ್ಟಳು.

ಟಕ್ ಟಕ್. ಒಂದು ಹೆಣ್ಣುದನಿ ಹೊರಟಿತು. “ಕೇಳ್ರವ್ವಾ, ನಮ್ಮ ಕರಿ ಬೂಟಿನ ಸಾಹೇಬ ಇವತ್ತು ಮನೇಲಿ ಬೈಸಿಕೊಂಡು ಬಂದವ್ನೆ. ಒಂದು ಕಾಲಿಗೆ ನೀಲಿ ಸಾಕ್ಸು, ಇನ್ನೊಂದಕ್ಕೆ ಕಂದು. ಹೊರಗಡೆ ಹುಲಿ ಥರ ಗುರ್ ಅಂತಾನೆ, ಮೇಜಿನ ಕೆಳಗೆ ಬೂಟು ಮಾತ್ರ ನಡುಗ್ತಾ ಐತೆ…”

ಎಂಟೂ ಜನ ಬಿದ್ದು ಬಿದ್ದು ನಕ್ಕರು. ದೊಡ್ಡ ಸಾಹೇಬನಿಗೆ ಕಣ್ಣಲ್ಲಿ ನೀರೇ ಬಂತು. “ಇದು! ಇದೇ ಬೇಕು ನಮಗೆ! ಯಾರಿದು?”

“ಅದೇ ಗೊತ್ತಿಲ್ಲ ಸಾರ್. ಊರೆಲ್ಲ ಬಕೆಟ್ಟಕ್ಕ ಅಂತಾರೆ. ಎಲ್ಲಿರೋದು, ಏನು, ಒಂದೂ ಪತ್ತೆಯಿಲ್ಲ.”

“ಹುಡುಕಿಸಿ! ಯಾವ ಮೂಲೆಯಲ್ಲಿದ್ರೂ ಸರಿ.”

“ಕಾಲೆತ್ತಿ ಸಾರ್,” ಎಂದಿತು ಫೋನು.

“ಕಾಲೆತ್ತಿ ಸಾರ್,” ಎಂದಿತು ಮೇಜಿನ ಕೆಳಗಿನ ದನಿ.

ಸಾಹೇಬ ಅಭ್ಯಾಸದಂತೆ ಕಾಲೆತ್ತಿದ. ಎತ್ತಿದ ಕಾಲಿನಲ್ಲಿ ಒಂದು ನೀಲಿ ಸಾಕ್ಸು, ಒಂದು ಕಂದು ಸಾಕ್ಸು. ಮೇಜಿನ ಸುತ್ತ ಎಲ್ಲರೂ ಅವನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಬಗ್ಗಿದರು. ಮೂರು ವರ್ಷದಿಂದ ದಿನಾ ಅವರ ಕಾಲ ಬುಡದಲ್ಲಿ ಇದ್ದ ಹೆಂಗಸಿನ ಮುಖವನ್ನು ಎಂಟು ಜನ ಮೊದಲ ಸಲ ನೋಡಿದ್ದು ಹೀಗೆ, ತಲೆಕೆಳಗಾಗಿ.

ಸಾಹೇಬ ಸಿಟ್ಟಾಗಲಿಲ್ಲ. ವ್ಯಾಪಾರ ಬಲ್ಲವನು ಸಾಕ್ಸಿಗೆಲ್ಲ ಸಿಟ್ಟಾಗುವುದಿಲ್ಲ. ಅವಳನ್ನು ಕುರ್ಚಿಯ ಮೇಲೆ ಕೂರಿಸಿದ. ಕೂತಳು, ತುದಿಯಲ್ಲಿ. ಒದ್ದೆ ಸೀರೆ ಕುರ್ಚಿಗೆ ತಾಗಿದರೆ ಆಮೇಲೆ ಒರೆಸಬೇಕಾದವಳೂ ತಾನೇ ಎಂಬುದು ಅವಳಿಗೆ ನೆನಪಿತ್ತು. ಯಾರೋ ಗಾಜಿನ ಲೋಟದಲ್ಲಿ ನೀರು ತಂದಿಟ್ಟರು. ಅವಳು ಮುಟ್ಟಲಿಲ್ಲ.

“ಸಂಕೋಚ ಬೇಡ, ಕುಡೀರಿ,” ಎಂದ ಸಾಹೇಬ.

“ಬೇಡ ಸಾರ್. ಕುಡಿದ್ರೆ ಏಳು ಮಹಡಿ ಇಳೀಬೇಕು.”

ಅವನಿಗೆ ಅರ್ಥವಾಗಲಿಲ್ಲ. ತಮಾಷೆಯೆಂದುಕೊಂಡು ನಕ್ಕ.

ಕನ್ನಡಕದ ಹುಡುಗಿ ಎರಡು ದಿನದಲ್ಲಿ ಮಾತು ಬರೆದು ತಂದಳು. ಚಂದದ ಮಾತೇ. ‘ನಾನೇ ತೊಳೆದದ್ದು, ನಾನೂ ಬಳಸೋದು. ಅಷ್ಟು ಚೊಕ್ಕಟ! ನೀಲಿ ಡಬ್ಬಿ, ಎಲ್ಲರಿಗೂ ಒಂದೇ ಕಕ್ಕಸು.’

ಧ್ವನಿ ಹಿಡಿಯುವ ಪುಟ್ಟ ಕೋಣೆಯಲ್ಲಿ ಹುಡುಗಿ ಅದನ್ನು ಓದಿ ಹೇಳಿದಾಗ ಬಕೆಟ್ಟಕ್ಕನ ಮೈಯೆಲ್ಲ ಉರಿಯಿತು. ನಾದಿನಿ ಆಸ್ಪತ್ರೆಯ ಮಂಚದ ಮೇಲೆ ಮುದುಡಿಕೊಂಡು ಮಲಗಿದ್ದದ್ದು ಕಣ್ಣೆದುರು ಬಂತು. ಆ ಒಂಬತ್ತು ದಿನ ಅವಳ ಬಟ್ಟೆ ಒಗೆದವಳು ಇವಳೇ. ರಕ್ತದ ಕಲೆ ಎಷ್ಟು ಉಜ್ಜಿದರೂ ಪೂರ್ತಿ ಹೋಗಿರಲಿಲ್ಲ.

“ಇದನ್ನ ನಾನು ಹೇಳಲ್ಲ,” ಎಂದಳು.

“ಯಾಕೆ? ಮಾತು ಕಷ್ಟ ಆಯ್ತಾ?” ಸಾಹೇಬ ಕೇಳಿದ.

“ಮಾತು ಸಲೀಸಾಗೈತೆ. ಸುಳ್ಳು. ನಾನು ಬಳಸಲ್ಲ. ಬಳಸೋಕೆ ಬಿಡಲ್ಲ.”

“ಅಯ್ಯೋ, ಇದು ಜಾಹೀರಾತು ರೀ. ಜಾಹೀರಾತಲ್ಲಿ ನಿಜ ಯಾರು ಕೇಳ್ತಾರೆ?”

“ನಮ್ಮವರು ಕೇಳ್ತಾರೆ ಸಾರ್. ನನ್ನ ದನಿ ಅಂತ ಕೇಳ್ತಾರೆ. ಹೇಳಲ್ಲ.”

ಬಾಗಿಲಲ್ಲಿ ಕೀಲಿ ಝಣಗುಟ್ಟಿತು. ಕೀಲಿಗೊಂಚಲು ಅವಳನ್ನು ಹೊರಗೆ ಕರೆದು ಗೋಡೆಯ ಬದಿಗೆ ನಿಲ್ಲಿಸಿದ. ಅರ್ಜಿ ಕೊಟ್ಟದ್ದು ಅವನಿಗೆ ಗೊತ್ತಿತ್ತು. ಈ ಜಾಹೀರಾತಿನ ಮಾತು ಕಿವಿಗೆ ಬಿದ್ದ ಕ್ಷಣವೇ ಅವನ ತಲೆ ಓಡಿತ್ತು.

“ನೋಡು, ಇಪ್ಪತ್ತನೇ ತಾರೀಕು ಅಧಿಕಾರಿ ಬರ್ತಾರೆ. ಅವರಿಗೆ ಇದನ್ನೇ ಕೇಳಿಸ್ತೀನಿ. ‘ಅವಳೇ ಬಳಸ್ತೀನಿ ಅಂತ ಊರಿಗೆಲ್ಲ ಹೇಳಿದಾಳೆ, ಇನ್ನು ಅರ್ಜಿ ಯಾಕೆ’ ಅಂತೀನಿ. ಕಥೆ ಮುಗೀತು. ನೀನು ಹೇಳಲ್ಲ ಅಂದ್ಯೋ, ನಾಳೆ ಬೆಳಗ್ಗೆ ಒಂಬತ್ತು ಜನಕ್ಕೂ ಗೇಟು ಬಂದ್. ಬೇರೆ ಗುಂಪು ರೆಡಿ ಇದೆ. ನಿನ್ನ ಒಬ್ಬಳ ಬಾಯಿಗೆ ಎಂಟು ಜನರ ಒಲೆ ಆರಿಸ್ತೀಯಾ?”

ಬಕೆಟ್ಟಕ್ಕ ಅವನ ಮುಖ ನೋಡಿದಳು. ಉಗಿಯಬೇಕೆನಿಸಿತು. ಉಗಿದರೆ ಒರೆಸುವವಳು ತಾನೇ. ಬಾಯಿ ಒಣಗಿತ್ತು ಬೇರೆ.

ಕೋಣೆಗೆ ಮರಳಿ ಬಂದು ತನ್ನ ಬಕೆಟ್ಟಿನ ಪಕ್ಕ ನಿಂತಳು. ಆಗ ಕನ್ನಡಕದ ಹುಡುಗಿ ಕಾಗದ ತಿರುವಿ ಹಾಕುತ್ತ ಅಂದಳು: “ಸಾರ್, ಶುರುವಿನಲ್ಲಿ ಬಕೆಟ್ ಸದ್ದು ಇರಲೇಬೇಕು. ಅಕ್ಕನ ಎಲ್ಲ ಮೆಸೇಜ್‌ಗಳನ್ನೂ ನೋಡಿದೀನಿ. ಕೆಲವಕ್ಕೆ ಎರಡು ಸಲ ಬಡೀತಾರೆ, ಕೆಲವಕ್ಕೆ ಮೂರು. ಮೂರು ಸಲ ಬಡಿದಿದ್ದು ಎರಡರಷ್ಟು ಜನಕ್ಕೆ ಹೋಗಿದೆ.”

“ಹಾಗಾದ್ರೆ ಮೂರು,” ಎಂದ ಸಾಹೇಬ.

ಬಕೆಟ್ಟಕ್ಕ ತಲೆಯೆತ್ತಿದಳು. ನಗು ತುಟಿಯವರೆಗೆ ಬಂದದ್ದನ್ನು ಹಲ್ಲು ಕಚ್ಚಿ ಒಳಗೆ ತಳ್ಳಿದಳು.

“ಮೂರೇನಾ ಸಾರ್?” ಎಂದಳು ಮೆಲ್ಲಗೆ. “ಎರಡಾದ್ರೆ ಸಾಲದಾ?”

“ಮೂರು. ನಮ್ಮ ಹತ್ರ ಅಂಕಿಅಂಶ ಇದೆ.”

“ಇನ್ನೊಂದು ಸಲ ಯೋಚನೆ ಮಾಡಿ ಹೇಳಿ. ಆಮೇಲೆ ನನ್ನ ಬೈಬಾರದು.”

“ಯೋಚನೆ ಎಲ್ಲ ಆಗಿದೆ. ಗಟ್ಟಿಯಾಗಿ ಬಡಿ.”

“ನೀವು ಹೇಳಿದ ಮೇಲೆ ಮುಗೀತು ಸಾರ್. ಹೇಳ್ತೀನಿ.”

ಬಾಗಿಲಲ್ಲಿ ನಿಂತಿದ್ದ ಕೀಲಿಗೊಂಚಲು ತನ್ನ ಮಾತಿಗೆ ಬಗ್ಗಿದಳೆಂದು ಮೀಸೆಯಡಿಯಲ್ಲಿ ನಕ್ಕ. ಬಕೆಟ್ಟಕ್ಕ ಬಕೆಟ್ಟನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡಳು. ಮಗ್ಗು ಎತ್ತಿದಳು. ಕಿಟಕಿಯ ಗಾಜು ಅದುರುವಂತೆ ಬಡಿದಳು. ಟಕ್! ಟಕ್! ಟಕ್!

“ನಾನೇ ತೊಳೆದಿದ್ದು, ನಾನೂ ಬಳಸೋದು! ಅಷ್ಟು ಚೊಕ್ಕಟ! ನೀಲಿ ಡಬ್ಬಿ, ಎಲ್ಲರಿಗೂ ಒಂದೇ ಕಕ್ಕಸು!” ಅಲ್ಲಿಗೆ ನಿಲ್ಲಿಸಲಿಲ್ಲ. ಕೈಗೆ ಸಿಕ್ಕ ಮೇಲೆ ಬಿಡುವುದುಂಟೇ? “ನಮ್ಮ ಸೂಪರ್‌ವೈಸರ್ ಸಾಹೇಬ್ರು ದಿನಾ ತಾವೇ ಬಾಗಿಲು ತೆಗೆದು, ‘ಬನ್ನಿ ಅಕ್ಕಾ, ಮೊದಲು ನೀವು, ಆಮೇಲೆ ನಾವು’ ಅಂತಾರೆ. ಅಂಥ ದೇವರಂಥ ಮನುಷ್ಯ! ಕಾಲೆತ್ತಿ ಸಾರ್!”

“ಅದ್ಭುತ! ಅದನ್ನ ತೆಗೀಬೇಡಿ, ಹಾಗೇ ಇರಲಿ,” ಎಂದು ಸಾಹೇಬ ಚಪ್ಪಾಳೆ ತಟ್ಟಿದ. ದೇವರಂಥ ಮನುಷ್ಯ ನಾಚಿಕೊಂಡು ಕೀಲಿ ಸರಿಮಾಡಿಕೊಂಡ.

ಬೆಳಗ್ಗೆ ಒಂಬತ್ತಕ್ಕೆ ಅದು ಹೊರಗೆ ಬಿತ್ತು. ಹತ್ತಕ್ಕೆ ಆಸ್ಪತ್ರೆಯ ಆಯಾಗಳು ಕೇಳಿದರು. ಹನ್ನೊಂದಕ್ಕೆ ಬಸ್ ನಿಲ್ದಾಣದ ಕಸದವರು. ಮಧ್ಯಾಹ್ನದ ಹೊತ್ತಿಗೆ ಊರಿನ ಯಾವ ಗೇಟಿನ ಬಳಿ ನೋಡಿದರೂ ಕಾವಲುಗಾರರು ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಮೂರು ಏಟು ಕೇಳಿದ ಪ್ರತಿಯೊಬ್ಬರಿಗೂ ಗೊತ್ತಾಯಿತು: ಬಕೆಟ್ಟಕ್ಕನನ್ನು ಕಕ್ಕಸಿಗೆ ಬಿಡುತ್ತಿಲ್ಲ, ಪಕ್ಕದಲ್ಲಿ ನಿಂತು ಬಲವಂತವಾಗಿ ಹೇಳಿಸಿದ್ದಾರೆ. ಕೆಳಗೆ ಸಾವಿರ ಸಾವಿರ ಜನ ಒಂದೇ ಮಾತು ಬರೆದರು. ಟಕ್ ಟಕ್ ಟಕ್.

ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಬ್ಯಾಂಕಿನ ಕಸ ಗುಡಿಸುವವಳು ತನ್ನ ಬಕೆಟ್ಟಿಗೆ ಮೂರು ಏಟು ಹಾಕಿ ಕಳಿಸಿದಳು: “ನಮ್ಮ ಮ್ಯಾನೇಜರ್ರು ನನಗೆ ಅಂತ ಕಕ್ಕಸಿನಲ್ಲಿ ಫ್ಯಾನ್ ಹಾಕ್ಸವ್ರೆ!” ಒಂದು ಶಾಲೆಯ ಆಯಾ: “ನಮ್ಮ ಹೆಡ್‌ಮೇಡಮ್ಮು ನಾನು ಒಳಗಿದ್ರೆ ಹೊರಗೆ ಟವೆಲ್ ಹಿಡಿದು ನಿಂತಿರ್ತಾರೆ!” ಒಬ್ಬ ಡ್ರೈವರು ಬಕೆಟ್ಟಿಲ್ಲದೆ ಕಾರಿನ ಬಾನೆಟ್ಟಿಗೇ ಬಡಿದ: “ನಮ್ಮ ಯಜಮಾನ್ರು, ನಿಂಗೆ ಅರ್ಜೆಂಟಾದ್ರೆ ನಮ್ಮನೆಗೇ ಬಾರಪ್ಪಾ ಅಂದವ್ರೆ!” ಮೂರು ಏಟಿನ ಸುಳ್ಳಿಗೆ ಊರಲ್ಲಿ ಪೈಪೋಟಿಯೇ ನಡೆಯಿತು. ಪ್ರತಿಯೊಂದು ಸುಳ್ಳಿನ ಹಿಂದೆ ಒಂದು ಮುಚ್ಚಿದ ಬಾಗಿಲಿತ್ತು. ಅದು ಬಡಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಏಳನೇ ಮಹಡಿಯೊಂದಕ್ಕೆ ಮಾತ್ರ ಗೊತ್ತಿರಲಿಲ್ಲ.

“ಜನ ತಾವಾಗೇ ಭಾಗವಹಿಸ್ತಿದಾರೆ! ಇದಕ್ಕಿಂತ ಲೋಕಲ್ ಇನ್ನೇನು ಬೇಕು?” ಎಂದು ದೊಡ್ಡ ಸಾಹೇಬ ಕುಣಿದ. ದೂರದ ದೇಶದಿಂದ ಅಭಿನಂದನೆ ಬಂತು. ಕೇಕು ತರಿಸಿ ಕತ್ತರಿಸಿದರು, ಒಬ್ಬರ ಮುಖಕ್ಕೊಬ್ಬರು ಬಳಿದರು. ದನಿಯ ಒಡತಿಗೆ ಒಂದು ತುಂಡು ಕೊಡುವುದು ಯಾರಿಗೂ ಹೊಳೆಯಲಿಲ್ಲ. ನೆಲಕ್ಕೆ ಬಿದ್ದ ಕ್ರೀಮು ಮಾತ್ರ ಅವಳ ಪಾಲಿಗೆ ಬಂತು. ಜಿಡ್ಡು, ಎಷ್ಟು ಒರೆಸಿದರೂ ಹೋಗದು. ಆಮೇಲೆ ‘ನಾನೇ ತೊಳೆದದ್ದು, ನಾನೂ ಬಳಸೋದು’ ಎಂಬ ನೀಲಿ ಸ್ಟಿಕ್ಕರುಗಳು ಬಂದವು. ಅವನ್ನು ನಲವತ್ತನಾಲ್ಕು ಬಾಗಿಲುಗಳ ಒಳಬದಿಗೆ ಅಂಟಿಸಿದವಳೂ ಅವಳೇ.

ಅಂಟಿಸುತ್ತಿದ್ದಾಗ ಕನ್ನಡಕದ ಹುಡುಗಿ ಕೈ ತೊಳೆಯಲು ಬಂದಳು. ತೊಳೆದ ಮೇಲೂ ಹೋಗದೆ ನಿಂತಳು.

“ಅಕ್ಕಾ, ಒಂದು ಕೇಳ್ಲಾ? ನಿನ್ನೆ ರಾಶಿ ಕಾಮೆಂಟು ಓದಿದೆ. ನೀಲಿ ಡಬ್ಬಿ ಬಗ್ಗೆ ಒಬ್ಬರೂ ಮಾತಾಡ್ತಿಲ್ಲ. ಎಲ್ಲರೂ ನಗ್ತಿದಾರೆ. ಮೂರು ಸಲ ಬಡಿದ್ರೆ ಏನರ್ಥ?”

“ಈಗ ಕೇಳ್ತೀರಲ್ಲ ಮೇಡಂ. ಮೂರು ವರ್ಷದಿಂದ ಕಾಲೆತ್ತಿ ಅಂ‌ತಿದೀನಿ, ಎಲ್ಲರೂ ಕಾಲೇ ಎತ್ತಿದ್ರಿ.” ಬಕೆಟ್ಟಕ್ಕ ಸ್ಟಿಕ್ಕರು ನೀವಿದಳು. “ಅರ್ಥ ಬೇಕಾದ್ರೆ ಕೆಳಗೆ ಬನ್ನಿ, ತೋರಿಸ್ತೀನಿ. ಲಿಫ್ಟಲ್ಲಲ್ಲ, ಮೆಟ್ಟಿಲಲ್ಲಿ.”

ಹುಡುಗಿ ಹಿಂದೆಯೇ ಇಳಿದಳು. ತಗಡಿನ ಗೂಡು ನೋಡಿದಳು. ನಾದಿನಿ ಒಳಗಿದ್ದಳು, ಬಾಗಿಲು ಹಿಡಿಯಲು ಯಾರೂ ಸಿಕ್ಕದೆ ಒಂದು ಕೈಯಲ್ಲಿ ತಾನೇ ಒಳಗಿಂದ ಎಳೆದುಕೊಂಡಿದ್ದಳು. ಬಕೆಟ್ಟಕ್ಕ ಹೋಗಿ ಹಿಡಿದು ನಿಂತಳು. ಹುಡುಗಿ ಮೂಗು ಮುಚ್ಚಿಕೊಳ್ಳಲು ಕೈ ಎತ್ತಿದವಳು ಅರ್ಧಕ್ಕೇ ಇಳಿಸಿದಳು.

“ಇದನ್ನ ನಾನು ಸಾರ್‌ಗೆ ಹೇಳಬೇಕಾ ಅಕ್ಕಾ?”

“ಇಪ್ಪತ್ತರ ತನಕ ಸುಮ್ನಿರಿ. ನೀವು ಬರೆದ ಮಾತು ಚೆನ್ನಾಗೇ ಐತೆ. ನಿಜ ಮಾಡೋ ಕೆಲಸ ನಮಗೆ ಬಿಡಿ.”

ಇಪ್ಪತ್ತನೇ ತಾರೀಕು ಬೆಳಗ್ಗೆ ಒಂಬತ್ತು ಹೆಂಗಸರೂ ಮನೆಯಿಂದ ಹೊಟ್ಟೆ ತುಂಬ ನೀರು ಕುಡಿದು ಬಂದರು. ಇದು ನಾದಿನಿಯ ಉಪಾಯ. “ಒಣಗಿದ ಗಂಟಲಲ್ಲಿ ನ್ಯಾಯ ಕೇಳಿ ಸಾಕಾಯ್ತು ಅತ್ತಿಗೆ,” ಎಂದಿದ್ದಳು. ಹತ್ತು ಗಂಟೆಗೆ ಮತ್ತೆ ಬಾಟಲಿ ಬಾಟಲಿ ಕುಡಿದರು. ಕೀಲಿಗೊಂಚಲು ಕಣ್ಣರಳಿಸಿ ನೋಡಿದ.

ಹನ್ನೊಂದಕ್ಕೆ ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ಕೈಯಲ್ಲಿ ಕಡತ. ಕೀಲಿಗೊಂಚಲು ಅವರನ್ನು ನೇರ ಏಳನೇ ಮಹಡಿಯ ಹೆಂಗಸರ ಕಕ್ಕಸಿನ ಬಾಗಿಲಿಗೆ ಕರೆತಂದ. ದೊಡ್ಡ ಸಾಹೇಬನೂ ಬಂದು ಕೈ ಮುಗಿದ. ಒಂಬತ್ತು ಹೆಂಗಸರು ಗೋಡೆಯುದ್ದಕ್ಕೂ ನಿಂತಿದ್ದರು.

“ಮೇಡಂ, ಅರ್ಜಿ ಎಲ್ಲಾ ಯಾರೋ ತಲೆಕೆಡಿಸಿ ಬರೆಸಿದ್ದು. ಸಾಕ್ಷಿ ಇಲ್ಲೇ ಇದೆ, ಕೇಳಿ,” ಎಂದು ಅವನು ಫೋನು ಒತ್ತಿದ.

ಟಕ್! ಟಕ್! ಟಕ್! ನಾನೇ ತೊಳೆದಿದ್ದು, ನಾನೂ ಬಳಸೋದು…

ಅಧಿಕಾರಿಯ ಹಿಂದೆ ನಿಂತಿದ್ದ ಡ್ರೈವರು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಅಧಿಕಾರಿ ನಗಲಿಲ್ಲ. ದೇವರಂಥ ಮನುಷ್ಯನ ಮಾತು ಮುಗಿಯುವವರೆಗೆ ಪೂರ್ತಿ ಕೇಳಿದರು.

“ಇದು ನಮ್ಮ ಆಫೀಸಿಗೂ ಬಂದಿದೆ,” ಎಂದರು. “ನಮ್ಮ ಆಫೀಸು ಗುಡಿಸೋರು ಅರ್ಥ ಹೇಳಿಕೊಟ್ಟರು. ಮೂರು ಬಡಿದ್ರೆ, ಪಕ್ಕದಲ್ಲಿ ಯಾರೋ ನಿಂತು ಹೇಳಿಸ್ತಿದಾರೆ, ಎಲ್ಲಾ ಸುಳ್ಳು ಅಂತ. ಅಲ್ವೇನಮ್ಮಾ?”

ಕೀಲಿಗೊಂಚಲು ಫೋನನ್ನು ಜೇಬಿಗೆ ತುರುಕಿದ. ದೊಡ್ಡ ಸಾಹೇಬ ಬಾಯಿ ತೆರೆದ. ತಾನು ಕತ್ತರಿಸಿದ ಕೇಕು, ಬಂದ ಅಭಿನಂದನೆ, ಸಾವಿರ ಸಾವಿರ ಟಕ್ ಟಕ್ ಟಕ್, ಎಲ್ಲ ಒಟ್ಟಿಗೇ ಅರ್ಥವಾಗಿ ಅವನ ಬಾಯಿ ಹಾಗೇ ತೆರೆದುಕೊಂಡು ಉಳಿಯಿತು. “ನೀನು… ನೀನು ಬೇಕಂತಲೇ…”

“ನಾನು ಎರಡು ಸಾಲದಾ ಅಂತ ಕೇಳಿದೆ ಸಾರ್,” ಎಂದಳು ಬಕೆಟ್ಟಕ್ಕ. “ನೀವೇ ಗಟ್ಟಿಯಾಗಿ ಬಡಿ ಅಂದ್ರಿ.”

ಸಾಹೇಬನ ಹಿಂದೆ ನಿಂತಿದ್ದ ಕನ್ನಡಕದ ಹುಡುಗಿ ನೆಲ ನೋಡುತ್ತ, “ಹೌದು ಸಾರ್. ಅಂಕಿಅಂಶ ಇದೆ ಅಂದ್ರಿ,” ಎಂದಳು.

“ಹಾಗಾದ್ರೆ ನಿಜ ಹೇಳಮ್ಮಾ,” ಎಂದರು ಅಧಿಕಾರಿ.

“ಏಯ್, ನೋಡಿ ಮಾತಾಡು,” ಎಂದ ಕೀಲಿಗೊಂಚಲು. ಇಷ್ಟಾದರೂ ಅವನ ಅಭ್ಯಾಸ ಹೋಗಿರಲಿಲ್ಲ.

ಬಕೆಟ್ಟಕ್ಕ ಮಗ್ಗು ತೆಗೆದುಕೊಂಡಳು. ಅವನ ಮುಖವನ್ನೇ ನೋಡುತ್ತ ಬಡಿದಳು. ಒಂದು. ಎರಡು. ಅಲ್ಲಿಗೇ ನಿಲ್ಲಿಸಿದಳು.

“ಮೂರು ವರ್ಷದಿಂದ ಇವನ್ನ ತೊಳೀತಿದೀನಿ ಮೇಡಂ. ಒಂದು ದಿನ ಒಳಗೆ ಕೂತಿಲ್ಲ. ಹಿಂದೆ ಒಂದು ತಗಡಿನ ಗೂಡಿದೆ, ನಾಯಿನೂ ಹೋಗಲ್ಲ. ನನ್ನ ನಾದಿನಿ ರಕ್ತ ಉಚ್ಚೆ ಹೊಯ್ದಳು. ಒಂಬತ್ತು ಜನಾನೂ ನೀರು ಕುಡಿಯೋದು ಬಿಟ್ಟಿದೀವಿ. ಇಷ್ಟೇ ನಿಜ.”

ಅಧಿಕಾರಿ ಎಲ್ಲ ಬರೆದುಕೊಂಡರು. ಒಳ್ಳೆಯ ಹೆಂಗಸೇ ಇರಬೇಕು, ಬರೆಯುವಾಗ ಅವರ ಕೈ ಒಂದೆರಡು ಸಲ ನಿಂತಿತು. ಆಮೇಲೆ ಕಡತ ಮುಚ್ಚಿ, “ವರದಿ ಸಲ್ಲಿಸ್ತೀನಿ. ಮೂವತ್ತು ದಿನದೊಳಗೆ ಕ್ರಮ ಆಗುತ್ತೆ,” ಎಂದರು.

“ಮೂವತ್ತು ದಿನಾನಾ ಮೇಡಂ?” ಬಕೆಟ್ಟಕ್ಕ ಕೇಳಿದಳು. “ನಾನು ಬೆಳಗ್ಗೆ ಆರರಿಂದ ತಡ್ಕೊಂಡಿದೀನಿ. ಮೂವತ್ತು ದಿನ ನನ್ನ ಹೊಟ್ಟೇಲಿ ಹಿಡಿಯಲ್ಲ.”

ಬಕೆಟ್ಟನ್ನು ಕೀಲಿಗೊಂಚಲಿನ ಕಾಲ ಬಳಿ ಇಟ್ಟಳು. ಮಗ್ಗನ್ನು ಅದರೊಳಗೆ ಹಾಕಿದಳು. ಹಿತ್ತಾಳೆಯ ಫಲಕವಿದ್ದ ಬಾಗಿಲು ತಳ್ಳಿ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಹೊರಗಿನ ಎಲ್ಲರಿಗೂ ಕೇಳಿಸಿತು.

ಒಳಗೆ ಬೆಳ್ಳಗಿತ್ತು, ತಣ್ಣಗಿತ್ತು. ಬೆಳಗ್ಗೆ ಅವಳೇ ತೊಳೆದದ್ದು. ಮೂಲೆ ಮೂಲೆಯೂ ಗೊತ್ತು, ಯಾವ ಟೈಲು ಬಿರುಕು ಬಿಟ್ಟಿದೆ ಎಂಬುದೂ ಗೊತ್ತು. ಆದರೂ ಒಳಗಿಂದ ಚಿಲಕ ಹಾಕಿಕೊಂಡು ಕೂತಾಗ ಅದು ಬೇರೆಯೇ ಜಾಗವಾಗಿತ್ತು. ಯಾರೂ ಬಾಗಿಲು ಹಿಡಿದು ನಿಲ್ಲಬೇಕಿರಲಿಲ್ಲ. ಯಾರಿಗೂ ಅವಳ ತಲೆ ಕಾಣುತ್ತಿರಲಿಲ್ಲ. ಕಣ್ಣೆದುರು ಬಾಗಿಲ ಮೇಲೆ ನೀಲಿ ಸ್ಟಿಕ್ಕರು ಇತ್ತು. ಓದಲು ಬಾರದಿದ್ದರೂ ಅದರಲ್ಲಿ ಏನು ಬರೆದಿದೆ ಎಂದು ಅವಳಿಗೆ ಗೊತ್ತಿತ್ತು. ಸ್ವಲ್ಪ ಓರೆಯಾಗಿ ಅಂಟಿಸಿದ್ದೇನೆ ಎಂದುಕೊಂಡಳು. ಒಬ್ಬಳೇ ನಕ್ಕಳು. ಕಣ್ಣಲ್ಲಿ ನೀರೂ ಬಂತು.

ಹೊರಗೆ ಕೀಲಿ ಝಣಝಣ ಎಂದಿತು. “ಬಾರೇ ಹೊರಗೆ! ಯಾರು ನಿಂಗೆ ಪರ್ಮಿಷನ್ ಕೊಟ್ಟಿದ್ದು?” ಕೀಲಿ ತೂತಿನಲ್ಲಿ ತಿರುಗಿತು, ಬಾಗಿಲು ಅಲ್ಲಾಡಲಿಲ್ಲ. ಒಳಗಿಂದ ಹಾಕಿದ ಚಿಲಕಕ್ಕೆ ಅವನ ಗೊಂಚಲಿನಲ್ಲಿ ಕೀಲಿಯಿರಲಿಲ್ಲ.

“ಹೆಂಗಸರ ಟಾಯ್ಲೆಟ್ಟಿನ ಬಾಗಿಲು ಹೀಗೆ ಅಲ್ಲಾಡಿಸ್ತೀರೇನ್ರೀ?” ಅಧಿಕಾರಿಯ ದನಿ ಗಡುಸಾಗಿತ್ತು.

ಆಮೇಲೆ ನಾದಿನಿಯ ದನಿ ಕೇಳಿಸಿತು, ಬೆಣ್ಣೆಯಂಥ ದನಿ: “ನಿಯಮ ಮರೆತ್ರಾ ಸಾರ್? ಬಕೆಟ್ಟು ನಿಮ್ಮ ಕಾಲ ಹತ್ರಾನೇ ಇದೆ. ಮಗ್ಗು ತಗೊಳ್ಳಿ. ಎರಡು. ಬೇಗ ಬಡೀರಿ, ಇಲ್ಲಿ ಇನ್ನೂ ಎಂಟು ಜನ ಸಾಲಲ್ಲಿ ನಿಂತಿದೀವಿ.”

ಡ್ರೈವರು ಮತ್ತೆ ಕಿಸಕ್ಕೆಂದ. ಕೊನೆಗೆ ಮಗ್ಗು ಬಕೆಟ್ಟಿಗೆ ತಾಗಿತು. ರೂಢಿಯಿಲ್ಲದ ಕೈ, ಸದ್ದು ಮೆಲ್ಲಗೆ, ಅಳುಕುತ್ತ ಬಂತು. ಟಕ್… ಟಕ್.

“ಜನ ಇದ್ದಾರೆ!” ಎಂದು ಬಕೆಟ್ಟಕ್ಕ ಒಳಗಿಂದ ಕೂಗಿದಳು.

ಅವಳ ಕೆಲಸ ಆಗಲೇ ಮುಗಿದಿತ್ತು. ಆದರೂ ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಳು.